ದಾವಣಗೆರೆಯಿಂದ ಹಡಗಿನವರೆಗೆ: ಒಂದು ಪ್ರವಾಸ ಕಚೇರಿಯ ಕಾಗದಪತ್ರ ಸೇವೆ

2025ರ ಜನವರಿಯಲ್ಲಿ ತಂದೆ, ತಾಯಿ, ಹೆಂಡತಿ ಮತ್ತು ನಾನು ಸಿಂಗಪುರದಲ್ಲಿ ಹಡಗು ಹತ್ತಿ, ಮಲೇಷ್ಯಾದ ಪೆನಾಂಗ್ ನೋಡಿಕೊಂಡು, ಮರಳಿ ಸಿಂಗಪುರದಲ್ಲೇ ಇಳಿಯುವ ಮೂರು ರಾತ್ರಿಯ ಯಾನ ಮಾಡಿ ಬಂದೆವು. ಹಡಗಿನ ಊಟ, ಕೋಣೆ, ಈಜುಕೊಳಗಳ ಬಗ್ಗೆ ಬರೆದವರು ಬಹಳ ಜನರಿದ್ದಾರೆ. ನಾನು ಬರೆಯಲು ಹೊರಟಿರುವುದು ಆ ಹಡಗಿನ ಮೆಟ್ಟಿಲಿನವರೆಗೆ ನಮ್ಮನ್ನು ಮುಟ್ಟಿಸಬೇಕಾದ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಟ್ಟ ನಮ್ಮೂರಿನ ಒಂದು ಪ್ರವಾಸ ಕಚೇರಿಯ ಸೇವೆಯ ಕುರಿತು. ಕಚೇರಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಂಥ ಕೆಲಸ ಮಾಡುವ ಕಚೇರಿಗಳು ದಾವಣಗೆರೆಯಲ್ಲಿ ಹಲವಿವೆ, ಮತ್ತು ಯಾವ ಕಚೇರಿಗೆ ಹೋದರೂ ಏನನ್ನು ಕೇಳಬೇಕು, ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದೇ ಓದುವವರಿಗೆ ಉಪಯೋಗವಾಗುವ ಸಂಗತಿ.

ನಾನು ಎಪಿಎಂಸಿ ಮಾರುಕಟ್ಟೆಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳದ ಲಾರಿ ಗೇಟು ದಾಟಬೇಕಾದರೆ ಬಿಲ್ಲು, ತೂಕದ ಚೀಟಿ, ಲಾರಿ ನಂಬರು ಮೂರೂ ಒಂದಕ್ಕೊಂದು ತಾಳೆಯಾಗಬೇಕು ಎಂಬುದನ್ನು ದಿನವೂ ನೋಡುತ್ತೇನೆ. ಆದ್ದರಿಂದ ಆ ಕಚೇರಿಯಲ್ಲಿ ನನಗೆ ಮೊದಲು ಹಿಡಿಸಿದ್ದು ಅಲ್ಲಿನ ಹುಡುಗಿ ಪಾಸ್‌ಪೋರ್ಟುಗಳನ್ನು ಪರಿಶೀಲಿಸಿದ ರೀತಿ. ನಾಲ್ಕು ಪಾಸ್‌ಪೋರ್ಟುಗಳನ್ನೂ ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟು, ಫೋಟೊ ಇರುವ ಪುಟದ ಕೆಳಭಾಗದಲ್ಲಿ ಬಾಣದಂಥ ಗುರುತುಗಳೊಂದಿಗೆ ಅಚ್ಚಾಗಿರುವ ಎರಡು ಸಾಲುಗಳ ಕೆಳಗೆ ಸ್ಕೇಲು ಇಟ್ಟುಕೊಂಡು, ಒಂದೊಂದೇ ಅಕ್ಷರವನ್ನು ಬೆರಳಿನಿಂದ ಮುಟ್ಟುತ್ತಾ ಗಣಕಯಂತ್ರದಲ್ಲಿ ತುಂಬಿಕೊಂಡಳು. ಒಂದು ಸಾಲಿಗೆ 44 ಅಕ್ಷರ ಸ್ಥಾನಗಳು. ಯಂತ್ರ ಓದುವುದು ಆ ಸಾಲುಗಳನ್ನೇ ಹೊರತು ಮೇಲಿರುವ ಹೆಸರನ್ನಲ್ಲ ಎಂದು ವಿವರಿಸಿದಳು.

ನಮ್ಮ ಕಡೆಯವರಿಗೆ ಈ ಹೆಸರಿನ ವಿಷಯ ಚಿಕ್ಕದಲ್ಲ. ತಂದೆಯವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಜಾಗ ಪೂರ್ತಿ ಖಾಲಿಯಿದೆ. ಅವರ ಹೆಸರು, ಅಜ್ಜನ ಹೆಸರು ಎರಡೂ ಕೊಟ್ಟ ಹೆಸರಿನ ಜಾಗದಲ್ಲಿ ಒಟ್ಟಿಗೆ ಕೂತಿವೆ. ತಾಯಿಯವರದರಲ್ಲಿ ತಂದೆಯವರ ಹೆಸರೇ ಸರ್‌ನೇಮ್ ಆಗಿದೆ. ಅದೂ ಒಂದು ಕಡೆ ‘ಅಪ್ಪ’ಕ್ಕೆ ಎರಡು ‘ಪಿ’, ಇನ್ನೊಂದು ಕಡೆ ಒಂದೇ ‘ಪಿ’. ಮನೆತನದ ಹೆಸರು, ಅಡ್ಡಹೆಸರು ಎಂಬ ರೂಢಿಯೇ ಇಲ್ಲದ ಕುಟುಂಬಗಳಲ್ಲಿ ಇದು ಸಾಮಾನ್ಯ. ಆದರೆ ಹಡಗಿನವರ ಬುಕಿಂಗ್ ಪುಟ ಎರಡೂ ಜಾಗ ತುಂಬದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಕಚೇರಿಯವರು ತಮಗೆ ತೋಚಿದಂತೆ ತುಂಬದೆ, ಹಡಗಿನ ಸಂಸ್ಥೆಗೂ ವಿಮಾನ ಸಂಸ್ಥೆಗೂ ಮಿಂಚಂಚೆ ಬರೆದು, ಖಾಲಿ ಸರ್‌ನೇಮ್ ಇದ್ದರೆ ಹೇಗೆ ತುಂಬಬೇಕೆಂಬ ಉತ್ತರವನ್ನು ಬರಹದಲ್ಲಿ ತರಿಸಿಕೊಂಡು, ಅದರ ಪ್ರತಿಯನ್ನು ನಮ್ಮ ಕಡತದಲ್ಲಿಟ್ಟರು. ಈ ಒಂದು ಕೆಲಸಕ್ಕೆ ಅವರು ಪಡೆದ ಸೇವಾಶುಲ್ಕ ಸಂದಿತು ಎಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ.

ಅಕ್ಷರ ತಾಳೆಯಾಗಬೇಕೆಂಬ ಈ ಹಟಕ್ಕೆ ಕಾರಣವಿದೆ. ದೊಡ್ಡ ಪ್ರವಾಸಿ ಹಡಗಿನಲ್ಲಿ ಸಾವಿರಾರು ಜನ ಒಂದೇ ಬೆಳಿಗ್ಗೆ ಬಂದರಿನಲ್ಲಿ ಇಳಿಯುತ್ತಾರೆ. ಅಷ್ಟೂ ಜನರನ್ನು ನೆಲ ಮುಟ್ಟಿದ ಮೇಲೆ ಮೊದಲ ಸಲ ಪರೀಕ್ಷಿಸಲು ಹೊರಟರೆ ಸಂಜೆಯಾಗುತ್ತದೆ. ಅದಕ್ಕಾಗಿ ಹಡಗು ಬರುವ ಮೊದಲೇ ಅದರ ಏಜೆಂಟರು ಪ್ರಯಾಣಿಕರ ಪಟ್ಟಿ, ಸಿಬ್ಬಂದಿಯ ಪಟ್ಟಿ, ಹಡಗಿನಲ್ಲಿರುವ ಸಾಮಗ್ರಿಯ ಘೋಷಣೆ, ಆರೋಗ್ಯದ ಘೋಷಣೆ ಇವುಗಳನ್ನು ಬಂದರಿನ ಅಧಿಕಾರಿಗಳಿಗೆ ಸಲ್ಲಿಸುತ್ತಾರೆ. ಜಗತ್ತಿನ ಬಂದರುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ನಮೂನೆಗಳನ್ನು ಬಳಸುವಂತೆ ಮಾಡಿದ್ದು 1965ರಲ್ಲಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ರೂಪಿಸಿದ ಒಪ್ಪಂದ. ಆ ಒಪ್ಪಂದದ ಪ್ರಕಾರ 2024ರ ಜನವರಿ 1ರಿಂದ ಈ ಮಾಹಿತಿಯೆಲ್ಲ ಕಾಗದದಲ್ಲಲ್ಲದೆ ಒಂದೇ ವಿದ್ಯುನ್ಮಾನ ಕಿಂಡಿಯ ಮೂಲಕ ಹೋಗಬೇಕು. ಅಂದರೆ ನಮ್ಮ ಹೆಸರು ಪೆನಾಂಗಿನ ಅಧಿಕಾರಿಯ ಪರದೆಯ ಮೇಲೆ ನಮಗಿಂತ ಮೊದಲೇ ತಲುಪಿರುತ್ತದೆ. ಪಟ್ಟಿಯಲ್ಲಿ ಒಂದು ‘ಪಿ’, ಪಾಸ್‌ಪೋರ್ಟಿನಲ್ಲಿ ಎರಡು ‘ಪಿ’ ಇದ್ದರೆ ಆ ಮನುಷ್ಯನನ್ನು ಸಾಲಿನಿಂದ ಪಕ್ಕಕ್ಕೆ ನಿಲ್ಲಿಸುತ್ತಾರೆ. ನಾವು ಸಾಲಿನಲ್ಲಿ ನಿಂತಿದ್ದಾಗ ಹೀಗೆ ಪಕ್ಕಕ್ಕೆ ಕರೆಸಿಕೊಂಡ ಹಿರಿಯ ದಂಪತಿಯನ್ನು ಕಣ್ಣಾರೆ ಕಂಡೆವು. ಅವರಿಗೆ ತೊಂದರೆಯೇನೂ ಆಗಲಿಲ್ಲ, ಆದರೆ ಊರು ನೋಡಲು ಇದ್ದ ಅರ್ಧ ದಿನದಲ್ಲಿ ಒಂದು ಗಂಟೆ ಹೋಯಿತು.

ವೀಸಾದ ಕೆಲಸವೂ ಅಚ್ಚುಕಟ್ಟಾಗಿ ನಡೆಯಿತು. ಭಾರತೀಯರಿಗೆ ಸಿಂಗಪುರಕ್ಕೆ ಮುಂಚಿತವಾಗಿ ವೀಸಾ ಬೇಕು, ಮತ್ತು ಅದನ್ನು ಸಾಮಾನ್ಯವಾಗಿ ಅಧಿಕೃತ ಏಜೆಂಟರ ಮೂಲಕವೇ ಪಡೆಯಬೇಕು. ಈ ಕಚೇರಿ ಅಂಥ ಏಜೆಂಟರೊಬ್ಬರ ಮೂಲಕ ಬೆಂಗಳೂರಿನಿಂದ ತರಿಸಿಕೊಟ್ಟಿತು. ಹಡಗು ಯಾನಕ್ಕೆ ಹೋಗುವವರು ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವಿಮಾನದಲ್ಲಿ ಸಿಂಗಪುರಕ್ಕೆ ಬಂದಿಳಿದದ್ದು ಒಂದು ಪ್ರವೇಶ. ಹಡಗು ಹತ್ತಿದೊಡನೆ ನೀವು ಆ ದೇಶ ಬಿಟ್ಟಂತೆ. ಪೆನಾಂಗಿನಿಂದ ಮರಳಿದಾಗ ಅದು ಎರಡನೆಯ ಪ್ರವೇಶ. ಹಾಗಾಗಿ ವೀಸಾದ ಮೇಲೆ ಒಂದಕ್ಕಿಂತ ಹೆಚ್ಚು ಸಲದ ಪ್ರವೇಶಕ್ಕೆ ಅನುಮತಿ ಇದೆಯೇ ಎಂದು ನೋಡಿಕೊಳ್ಳಲೇಬೇಕು. ಕಚೇರಿಯವರು ಆ ಸಾಲಿಗೆ ಹಳದಿ ಬಣ್ಣ ಹಚ್ಚಿ ತೋರಿಸಿ ಕೊಟ್ಟರು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ವಿನಾಯಿತಿ ನೀಡಿರುವುದರಿಂದ ಆ ಖರ್ಚು ಬರಲಿಲ್ಲ.

ತಾಯಿಯವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂಬ ಮುದ್ರೆಯಿತ್ತು. ಅವರು ಓದಿದ್ದು ನಾಲ್ಕನೆಯ ತರಗತಿ. 49ನೆಯ ವಯಸ್ಸಿನಲ್ಲಿ ಮಾಡಿಸಿದ ಪಾಸ್‌ಪೋರ್ಟು. ಹತ್ತನೆಯ ತರಗತಿ ಪಾಸಾಗದವರು ಕೆಲಸಕ್ಕಾಗಿ ಹೋಗುವಾಗ ಮೋಸ ಹೋಗದಿರಲಿ ಎಂದು ಸರ್ಕಾರ 18 ದೇಶಗಳ ಮಟ್ಟಿಗೆ ಇಟ್ಟಿರುವ ತಪಾಸಣೆ ಅದು, ಮಲೇಷ್ಯಾ ಆ ಪಟ್ಟಿಯಲ್ಲಿದೆ. ಪ್ರವಾಸಕ್ಕೆ ಹೋಗುವವರಿಗೆ ಅದು ಅಡ್ಡಿಯಲ್ಲ, ಮರಳುವ ಟಿಕೆಟು ಕೈಯಲ್ಲಿರಲಿ ಎಂದು ಕಚೇರಿಯವರು ಹೇಳಿದ್ದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಅಧಿಕಾರಿ ಆ ಪುಟದ ಬಳಿ ನಿಂತು ಕೇಳಿದ್ದೂ ಅದನ್ನೇ. ಹಡಗಿನ ಬುಕಿಂಗು, ಮರಳುವ ವಿಮಾನದ ಟಿಕೆಟು ಎರಡನ್ನೂ ನೋಡಿ, ತಾಯಿಯವರನ್ನು ಕನ್ನಡದಲ್ಲೇ ಮಾತಾಡಿಸಿ ಬಿಟ್ಟರು. ಐವತ್ತು ದಾಟಿದವರಿಗೆ ಈ ಮುದ್ರೆಯ ಅಗತ್ಯವೇ ಇಲ್ಲ. ಪಾಸ್‌ಪೋರ್ಟು ಹೊಸದಾಗಿ ಮಾಡಿಸುವಾಗ ತೆಗೆಸಿಕೊಳ್ಳಬಹುದು. ದಾವಣಗೆರೆಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಅದಕ್ಕಾಗಿ ಬೆಂಗಳೂರಿಗೆ ಓಡಾಡುವ ಕಷ್ಟವಿಲ್ಲ.

ಇನ್ನು ನನ್ನ ಅಸಮಾಧಾನದ ವಿಷಯಕ್ಕೆ ಬರುತ್ತೇನೆ, ಮತ್ತು ಇದನ್ನು ತುಸು ವಿವರವಾಗಿಯೇ ಬರೆಯಬೇಕು.

ಬಿಲ್ಲಿನಲ್ಲಿ ವೀಸಾ ಶುಲ್ಕ, ಸೇವಾಶುಲ್ಕ, ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಆಗ ಜಾರಿಯಲ್ಲಿದ್ದ ಶೇಕಡಾ 5ರ ಟಿಸಿಎಸ್ (ಹಣ ಪಡೆಯುವಾಗಲೇ ಸಂಗ್ರಹಿಸುವ ತೆರಿಗೆ) ಇವೆಲ್ಲ ಬೇರೆ ಬೇರೆ ಸಾಲುಗಳಲ್ಲಿದ್ದವು. ಅಲ್ಲಿಯವರೆಗೆ ಲೆಕ್ಕ ಶುದ್ಧವಾಗಿತ್ತು. ಟಿಸಿಎಸ್ ಮೊತ್ತವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಹಿಂಪಡೆಯಲು ಬೇಕಾದ ಪ್ರಮಾಣಪತ್ರವನ್ನೂ ಕೇಳದೆಯೇ ಕೊಟ್ಟರು. ಅದರ ಕೆಳಗೆ ‘ಆಗಮನ ಕಾರ್ಡ್ ಶುಲ್ಕ, ತಲಾ 500 ರೂಪಾಯಿ’ ಎಂಬ ಸಾಲೊಂದಿತ್ತು. ಸರ್ಕಾರಿ ಶುಲ್ಕವೇ ಇರಬೇಕೆಂದುಕೊಂಡು ನಾಲ್ವರಿಗೆ 2,000 ರೂಪಾಯಿ ಕೊಟ್ಟೆ. ಆಗಮನ ಕಾರ್ಡೆಂದರೆ ದೇಶದೊಳಗೆ ಕಾಲಿಡುವ ಮೊದಲು ಪ್ರಯಾಣಿಕರು ತಮ್ಮ ವಿವರ ತುಂಬಿ ಸಲ್ಲಿಸುವ ಅರ್ಜಿ. ಸಿಂಗಪುರದ ಆಗಮನ ಕಾರ್ಡಿಗೂ ಮಲೇಷ್ಯಾದ ಡಿಜಿಟಲ್ ಆಗಮನ ಕಾರ್ಡಿಗೂ ಆ ಸರ್ಕಾರಗಳು ಒಂದು ಪೈಸೆಯನ್ನೂ ಪಡೆಯುವುದಿಲ್ಲ. ಎರಡನ್ನೂ ಆಯಾ ದೇಶದ ಅಧಿಕೃತ ಜಾಲತಾಣದಲ್ಲಿ ನಾವೇ ಮೊಬೈಲಿನಲ್ಲಿ ತುಂಬಬಹುದು. ಒಬ್ಬರಿಗೆ ಹತ್ತು ನಿಮಿಷ ಸಾಕು. ಅಧಿಕೃತ ತಾಣದಂತೆಯೇ ಕಾಣುವ, ಹಣ ಕೇಳುವ ಖಾಸಗಿ ತಾಣಗಳೂ ಇವೆ. ಸಿಂಗಪುರದ ಇಮಿಗ್ರೇಷನ್ ಇಲಾಖೆಯೇ ಅವುಗಳ ಬಗ್ಗೆ ಎಚ್ಚರಿಕೆ ನೀಡಿದೆ. ತುಂಬಿಕೊಟ್ಟ ಶ್ರಮಕ್ಕೆ ಹಣ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದನ್ನು ‘ಕಾರ್ಡ್ ಶುಲ್ಕ’ ಎಂದು ಬರೆಯದೆ ‘ತುಂಬಿಕೊಟ್ಟ ಕೂಲಿ’ ಎಂದು ಬರೆಯಬೇಕಿತ್ತು.

ಹಣದ ಮಾತು ಹಾಗಿರಲಿ, ಕೊಟ್ಟ ಹಣಕ್ಕೆ ಕೆಲಸವೂ ಪೂರ್ತಿಯಾಗಲಿಲ್ಲ. ಸಿಂಗಪುರದ ಕಾರ್ಡನ್ನು ಆಗಮನಕ್ಕೆ ಮುಂಚಿನ, ಆಗಮನದ ದಿನವೂ ಸೇರಿದ ಮೂರು ದಿನಗಳ ಒಳಗೆ ಮಾತ್ರ ಸಲ್ಲಿಸಲು ಸಾಧ್ಯ. ನಾವು ವಿಮಾನದಲ್ಲಿ ಇಳಿದದ್ದು 13ಕ್ಕೆ, ಹಡಗು ಹತ್ತಿದ್ದು 15ಕ್ಕೆ, ಪೆನಾಂಗ್ ತಲುಪಿದ್ದು 16ಕ್ಕೆ, 17 ಪೂರ್ತಿ ಸಮುದ್ರದ ಮೇಲೆ, ಮರಳಿ ಸಿಂಗಪುರ 18ಕ್ಕೆ. 13ರ ಆಗಮನಕ್ಕೆ ಕಚೇರಿಯವರು ದಾವಣಗೆರೆಯಿಂದಲೇ ತುಂಬಿದ್ದರು. 18ರಂದು ಮತ್ತೆ ಅದೇ ದೇಶ ಪ್ರವೇಶಿಸುವುದರಿಂದ ಎರಡನೆಯ ಕಾರ್ಡು ಬೇಕು, ಅದರ ಕಿಂಡಿ 16ಕ್ಕೆ ತೆರೆಯುತ್ತದೆ. ವೀಸಾದ ಮೇಲೆ ಎರಡು ಪ್ರವೇಶ ಬೇಕೆಂದು ಹಳದಿ ಬಣ್ಣ ಹಚ್ಚಿ ತೋರಿಸಿದವರೇ ಕಾರ್ಡೂ ಎರಡು ಬೇಕೆಂಬುದನ್ನು ಮರೆತಿದ್ದರು.

ನಮಗೆ ಇದು ತಿಳಿದದ್ದು 17ರ ಸಂಜೆ, ಕೋಣೆಯ ಬಾಗಿಲಿಗೆ ಸಿಕ್ಕಿಸಿದ್ದ ಹಾಳೆಯಿಂದ. ಆ ಹೊತ್ತಿಗೆ ಸುತ್ತ ನೀರು ಬಿಟ್ಟರೆ ಬೇರೇನೂ ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಹಡಗಿನ ದುಬಾರಿ ಇಂಟರ್‌ನೆಟ್ ಒಂದು ದಿನದ ಮಟ್ಟಿಗೆ ಕೊಳ್ಳಬೇಕಾಯಿತು. ನಾನು ಮತ್ತು ಹೆಂಡತಿ ಊಟದ ಕೋಣೆಯ ಮೂಲೆಯಲ್ಲಿ ಕೂತು, ನಾಲ್ಕು ಪಾಸ್‌ಪೋರ್ಟುಗಳನ್ನು ಮುಂದಿಟ್ಟುಕೊಂಡು, ಆ ಹುಡುಗಿ ಮಾಡಿದಂತೆಯೇ ಅಕ್ಷರ ಅಕ್ಷರಕ್ಕೆ ಬೆರಳಿಟ್ಟು, ಆರೋಗ್ಯದ ಪ್ರಶ್ನೆಗಳಿಗೂ ಉತ್ತರಿಸಿ, ರಾತ್ರಿ ಹನ್ನೊಂದರ ಹೊತ್ತಿಗೆ ಮುಗಿಸಿದೆವು. 16ರಂದು ಪೆನಾಂಗಿನಲ್ಲಿ ನೆಲದ ಮೇಲಿದ್ದಾಗ, ಮೊಬೈಲಿನಲ್ಲಿ ಸಿಗ್ನಲ್ ಇದ್ದಾಗ, ಇದೇ ಕೆಲಸವನ್ನು ಖರ್ಚಿಲ್ಲದೆ ಮಾಡಬಹುದಿತ್ತು.

ಅದೇ ರಾತ್ರಿ ಇನ್ನೊಂದು ಸಂಗತಿ ಹೊರಬಿತ್ತು. ಸಿಂಗಪುರದಲ್ಲಿ ಈಗ ಪಾಸ್‌ಪೋರ್ಟಿಗೆ ಠಸ್ಸೆ ಒತ್ತುವುದಿಲ್ಲ; ಎಷ್ಟು ದಿನ ಇರಬಹುದೆಂಬ ಅನುಮತಿಪತ್ರ ಆಗಮನ ಕಾರ್ಡಿನಲ್ಲಿ ಕೊಟ್ಟ ಮಿಂಚಂಚೆ ವಿಳಾಸಕ್ಕೆ ಬರುತ್ತದೆ. 13ರಂದು ಇಳಿದಾಗಿನಿಂದಲೂ ನಮಗೆ ಅದು ಬಂದಿರಲಿಲ್ಲ. ಕಾರ್ಡು ತುಂಬುವಾಗ ಕಚೇರಿಯವರು ನಾಲ್ವರಿಗೂ ತಮ್ಮದೇ ವಿಳಾಸ ಕೊಟ್ಟಿದ್ದರು. ನಮ್ಮ ಅನುಮತಿಪತ್ರಗಳು ಐದು ದಿನಗಳಿಂದ ದಾವಣಗೆರೆಯ ಒಂದು ಗಣಕಯಂತ್ರದಲ್ಲಿ ಯಾರೂ ತೆರೆಯದೆ ಕೂತಿದ್ದವು. ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಪರದೇಶದಲ್ಲಿರುವ ಮನುಷ್ಯನಿಗೆ, ತಾನು ಅಲ್ಲಿರಬಹುದೆಂಬ ಒಂದೇ ಒಂದು ದಾಖಲೆ ತನ್ನ ಕೈಯಲ್ಲಿಲ್ಲ ಎಂದು ತಿಳಿದಾಗ ಆಗುವ ಕಳವಳ ಸಣ್ಣದಲ್ಲ.

ಸುಂಕದ ವಿಷಯದಲ್ಲಿ ಮಾತ್ರ ಕಚೇರಿಯವರು ಕೊಟ್ಟ ಒಂದು ಎಚ್ಚರಿಕೆಗೆ ನಾನು ಋಣಿಯಾಗಿದ್ದೇನೆ. ತಾಯಿ ದಾರಿಗೆಂದು ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿಯ ಜೊತೆಗೆ ಒಂದು ಡಬ್ಬಿ ಕರ್ಜಿಕಾಯಿ ಮಾಡಿದ್ದರು. ಹೊರಡುವ ಹಿಂದಿನ ದಿನ ಕಾಗದ ತರಲು ಹೋದಾಗ, ತಿನ್ನುವುದೇನು ಕಟ್ಟಿಕೊಂಡಿದ್ದೀರಿ ಎಂದು ಆ ಹುಡುಗಿ ಕೇಳಿದಳು. ಕರ್ಜಿಕಾಯಿ ಎಂದೊಡನೆ, ಹೂರಣಕ್ಕೆ ಗಸಗಸೆ ಹಾಕಿದ್ದೀರಾ ಎಂದಳು. ಕೊಬ್ಬರಿ, ಬೆಲ್ಲ, ಏಲಕ್ಕಿಯ ಜೊತೆ ಹುರಿದ ಗಸಗಸೆ ಹಾಕದೆ ನಮ್ಮ ಮನೆಯಲ್ಲಿ ಕರ್ಜಿಕಾಯಿ ಮಾಡಿದ್ದೇ ಇಲ್ಲ. ಗಸಗಸೆಯಲ್ಲಿ ಅತ್ಯಲ್ಪ ಪ್ರಮಾಣದ ಮಾರ್ಫಿನ್ ಉಳಿದಿರಬಹುದೆಂಬ ಕಾರಣಕ್ಕೆ ಸಿಂಗಪುರ ಅದನ್ನು ಮಾದಕವಸ್ತು ಕಾಯ್ದೆಯ ಅಡಿಯಲ್ಲಿ ನೋಡುತ್ತದೆ. ಯಾರೂ ಕೈಚೀಲದಲ್ಲಿ ಒಯ್ಯುವಂತಿಲ್ಲ. ಪಾಯಸಕ್ಕೆ ಹಾಕುವ ಕಾಳು ಒಂದು ದೇಶದ ಗಡಿಯಲ್ಲಿ ಅಪರಾಧದ ವಸ್ತುವಾಗಬಹುದೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಡಬ್ಬಿ ತಂಗಿಯ ಮನೆಗೆ ಹೋಯಿತು. ತಂದೆಯವರ ಎಲೆಅಡಿಕೆ ಸಂಚಿಯನ್ನೂ ಮನೆಯಲ್ಲೇ ಬಿಡಿಸಿದರು, ಏಕೆಂದರೆ ಅದರೊಳಗೆ ಹೊಗೆಸೊಪ್ಪಿತ್ತು, ಮತ್ತು ಅಗಿಯುವ ತಂಬಾಕು ಅಲ್ಲಿ ನಿಷಿದ್ಧ. ಚ್ಯೂಯಿಂಗ್ ಗಮ್, ಇ-ಸಿಗರೇಟುಗಳಿಗೂ ಇದೇ ನಿಯಮ. ಸೇದುವ ಸಿಗರೇಟಿಗೆ ನಿಷೇಧವಿಲ್ಲದಿದ್ದರೂ ಒಂದೇ ಒಂದು ಸಿಗರೇಟಿಗೂ ಸುಂಕ ವಿನಾಯಿತಿ ಇಲ್ಲ.

ಹಡಗಿನ ಸುಂಕರಹಿತ ಅಂಗಡಿಯ ಬಗ್ಗೆ ಅವರು ಏನೂ ಹೇಳಿರಲಿಲ್ಲ, ಹೇಳಬೇಕಿತ್ತು. ಹಡಗು ಪೆನಾಂಗಿನಲ್ಲಿ ನಿಂತಿದ್ದಷ್ಟು ಹೊತ್ತೂ ಆ ಅಂಗಡಿ ಬಾಗಿಲು ಹಾಕಿತ್ತು. ಅಲ್ಲಿರುವ ಸರಕು ಯಾವ ದೇಶಕ್ಕೂ ಸುಂಕ ಕಟ್ಟದ ಸರಕು. ಬಂದರಿನಲ್ಲಿದ್ದಾಗ ಮಾರಿದರೆ ಆ ದೇಶದ ಒಳಗೆ ಮಾರಿದಂತಾಗುತ್ತದೆ. ಸಮುದ್ರಕ್ಕೆ ಇಳಿದ ಮೇಲೆ ತೆರೆದರು, ಜನ ಮುಗಿಬಿದ್ದು ಬಾಟಲಿಗಳನ್ನು ಕೊಂಡರು. ಮಲೇಷ್ಯಾದಿಂದ ಬರುವವರಿಗೆ ಸಿಂಗಪುರದಲ್ಲಿ ಮದ್ಯದ ಸುಂಕ ವಿನಾಯಿತಿ ಇಲ್ಲವೆಂಬುದನ್ನು ತಿಳಿದುಕೊಂಡು ಕೊಂಡವರು ಅವರಲ್ಲಿ ಎಷ್ಟಿದ್ದರೋ. ನಾವು ಕೊಂಡಿರಲಿಲ್ಲವಾದ್ದರಿಂದ ಘೋಷಿಸಬೇಕಾದದ್ದು ಏನೂ ಇರಲಿಲ್ಲ, ಹಸಿರು ಸಾಲಿನಲ್ಲಿ ನಡೆದು ಹೊರಬಂದೆವು.

ಬಂಗಾರದ ಬಗ್ಗೆ ಕಚೇರಿಯ ಸಲಹೆ ‘ಮನೆಯಲ್ಲಿ ಬಿಟ್ಟು ಬನ್ನಿ’ ಎಂಬಷ್ಟೇ ಆಗಿತ್ತು. ಸಲಹೆ ಒಳ್ಳೆಯದೇ, ಆದರೆ ಅಪೂರ್ಣ. ತಾಳಿಸರ, ಕೈಬಳೆಗಳನ್ನು ತೆಗೆಯಲು ಒಪ್ಪದ ತಾಯಂದಿರಿಗೆ ಇನ್ನೊಂದು ದಾರಿಯಿದೆ: ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಒಡವೆ ತೋರಿಸಿ, ಇದು ಇಲ್ಲಿಂದ ಒಯ್ದದ್ದು ಎಂಬ ರಫ್ತು ಪ್ರಮಾಣಪತ್ರ ಪಡೆಯುವುದು. ಅದಿದ್ದರೆ ಮರಳಿ ಬರುವಾಗ ಹೊರಗೆ ಕೊಂಡದ್ದೆಂಬ ಪ್ರಶ್ನೆ ಏಳುವುದಿಲ್ಲ. ನಾವು ಮರಳಿದಾಗ ಅನ್ವಯವಾಗುತ್ತಿದ್ದದ್ದು 2016ರ ಬ್ಯಾಗೇಜ್ ನಿಯಮಗಳು. ಒಬ್ಬರಿಗೆ 50,000 ರೂಪಾಯಿವರೆಗಿನ ಸಾಮಾನಿಗೆ ಸುಂಕವಿರಲಿಲ್ಲ. ಇಂಥ ಮಿತಿಗಳು ಬದಲಾಗುತ್ತಿರುತ್ತವೆ, ಹೊರಡುವ ವಾರದಲ್ಲಿ ಕಸ್ಟಮ್ಸ್ ಇಲಾಖೆಯ ತಾಣದಲ್ಲಿಯೇ ನೋಡಿಕೊಳ್ಳಬೇಕು.

ಊರಿಗೆ ಬಂದ ಮೇಲೆ ಮಾರುಕಟ್ಟೆಯಲ್ಲಿ ಗೆಳೆಯರೊಬ್ಬರು, ಇಷ್ಟೆಲ್ಲ ಕಿರಿಕಿರಿ ನಮ್ಮಂಥವರಿಗೇ ಮಾಡುತ್ತಾರೆ ಎಂದು ಬೇಸರಪಟ್ಟರು. ಹಾಗಲ್ಲವೆಂದು ಅವರಿಗೆ ಪಣಂಬೂರಿನ ಉದಾಹರಣೆ ಕೊಟ್ಟೆ. 1974ರಲ್ಲಿ ಮಹಾಬಂದರೆಂದು ಘೋಷಣೆಯಾದ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಅವುಗಳ ಪ್ರಯಾಣಿಕರು ಬೆಳಿಗ್ಗೆ ಇಳಿದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನನ್ನು ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಆ ಅರ್ಧ ದಿನಕ್ಕೂ ನಮ್ಮ ಇಮಿಗ್ರೇಷನ್ ಅಧಿಕಾರಿ ಅವರ ವೀಸಾ ನೋಡುತ್ತಾರೆ. ಇ-ವೀಸಾ ಹಿಡಿದು ಇಳಿಯಬಹುದಾದ ಬಂದರುಗಳಲ್ಲಿ ಮುಂಬೈ, ಮುರ್ಮುಗೋವಾ, ಕೊಚ್ಚಿ, ಚೆನ್ನೈಗಳ ಜೊತೆ ಮಂಗಳೂರೂ ಇದೆ. ಬಂದರಿನ ಆರೋಗ್ಯಾಧಿಕಾರಿ ಹಡಗಿನ ಆರೋಗ್ಯ ಘೋಷಣೆಯನ್ನು ಒಪ್ಪಬೇಕು. ಒಪ್ಪಿಗೆ ಕೋರುವ ಹಡಗು ಹಳದಿ ಬಾವುಟ ಏರಿಸುವುದು ಹಳೆಯ ಸಂಪ್ರದಾಯ. 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಹಡಗು ಬರುವಾಗ ತನ್ನಲ್ಲಿರುವುದರ ಪಟ್ಟಿ ಸಲ್ಲಿಸಬೇಕು, ಸುಂಕಾಧಿಕಾರಿಯ ಲಿಖಿತ ಆದೇಶವಿಲ್ಲದೆ ಬಂದರು ಬಿಟ್ಟು ಹೋಗುವಂತಿಲ್ಲ. ಪೆನಾಂಗಿನಲ್ಲಿ ನಾವು ಕಂಡ ಕಟ್ಟುನಿಟ್ಟೇ ಪಣಂಬೂರಿನಲ್ಲಿ ಯುರೋಪಿನವರಿಗೂ ಅನ್ವಯಿಸುತ್ತದೆ. ಇದು ತಿಳಿದಿದ್ದರೆ ಸಾಲಿನಲ್ಲಿ ನಿಂತಾಗ ಅವಮಾನವೆನಿಸುವುದಿಲ್ಲ.

ಮರಳಿದ ಮೂರನೆಯ ದಿನ ಬಿಲ್ಲು ಮತ್ತು ಹಡಗಿನ ಇಂಟರ್‌ನೆಟ್ ರಸೀದಿ ಹಿಡಿದು ಕಚೇರಿಗೆ ಹೋದೆ. ಯಜಮಾನರು ವಾದ ಮಾಡಲಿಲ್ಲ. ಎರಡನೆಯ ಕಾರ್ಡಿನ ವಿಷಯ ತಮ್ಮ ತಪ್ಪೆಂದು ಒಪ್ಪಿ, ಕಾರ್ಡಿನ ಬಾಬ್ತು ಪಡೆದಿದ್ದ 2,000 ರೂಪಾಯಿ ಹಿಂತಿರುಗಿಸಿದರು; ಇಂಟರ್‌ನೆಟ್ ಖರ್ಚನ್ನು ಕೊಡಲು ಮಾತ್ರ ಒಪ್ಪಲಿಲ್ಲ. ನಮ್ಮ ಅನುಮತಿಪತ್ರಗಳನ್ನು ಆ ದಿನವೇ ನನ್ನ ವಿಳಾಸಕ್ಕೆ ಕಳಿಸಿ, ಇನ್ನು ಮುಂದೆ ಗ್ರಾಹಕರ ವಿಳಾಸವನ್ನೇ ಕೊಡುತ್ತೇವೆ ಎಂದರು. ವೀಸಾ, ಹೆಸರು, ಟಿಕೆಟುಗಳ ತಾಳೆ ನೋಡುವುದರಲ್ಲಿ ಐದಕ್ಕೆ ಐದು ಅಂಕ ಕೊಡಬಹುದಾದ ಕಚೇರಿ ಅದು; ಆಗಮನ ಕಾರ್ಡುಗಳಲ್ಲಿ ಐದಕ್ಕೆ ಒಂದೇ ಅಂಕ; ಸುಂಕದ ತಿಳಿವಳಿಕೆಯಲ್ಲಿ ಮೂರು, ಅದೂ ಗಸಗಸೆಯ ಪುಣ್ಯದಿಂದ.

ಬೇಸಿಗೆ ರಜೆಯಲ್ಲಿ ತಂಗಿಯ ಮನೆಯವರು ಇದೇ ಯಾನಕ್ಕೆ ಹೊರಟಿದ್ದಾರೆ. ಪಾಸ್‌ಪೋರ್ಟುಗಳನ್ನು ಅದೇ ಕಚೇರಿಯ ಅದೇ ಹುಡುಗಿಯ ಕೈಗೆ ಕೊಡಲು ಹೇಳಿದ್ದೇನೆ. ಕಾರ್ಡುಗಳನ್ನು ಮಾತ್ರ ಅವರವರ ಮೊಬೈಲಿನಲ್ಲಿ ಅವರೇ ತುಂಬುತ್ತಾರೆ, ಎರಡನೆಯದನ್ನು ಪೆನಾಂಗಿನಲ್ಲಿ ಇಳಿದ ದಿನವೇ.